ಬೆಲ್ಟು ಹರಿಯುವ ಮುನ್ನ: ಹಳೆಯ ಕಾರುಗಳ ಒಡೆಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೋಂದಣಿಯಾಗಿ 15 ವರ್ಷ ಕಳೆದ ಮೇಲೆಯೂ ಕಾರನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ, ಸಾರಿಗೆ ಕಚೇರಿಗೆ ಕೊಂಡೊಯ್ದು ತಪಾಸಣೆ ಮಾಡಿಸಿ, ಶುಲ್ಕ ತೆತ್ತು, ಮತ್ತೆ 5 ವರ್ಷಗಳ ಅವಧಿಗೆ ನೋಂದಣಿಯನ್ನು ನವೀಕರಿಸಿಕೊಂಡು ಬಂದಿರುವ ಗೃಹಸ್ಥರಿಗೂ, ಹೊಸ ಕಾರಿನ ಬೆಲೆ ಕೈಗೆಟುಕದೆ ಎರಡನೆಯ ಅಥವಾ ಮೂರನೆಯ ಕೈಯಿಂದ ಹಳೆಯದೊಂದನ್ನು ಕೊಂಡು, ಮಕ್ಕಳನ್ನು ಶಾಲೆಗೂ ವೃದ್ಧರಾದ ತಂದೆತಾಯಿಯರನ್ನು ಆಸ್ಪತ್ರೆಗೂ ಅದರಲ್ಲಿಯೇ ಕರೆದೊಯ್ಯುತ್ತಿರುವ ಸಂಸಾರಸ್ಥರಿಗೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಇರುವ ವಸ್ತುವನ್ನು ಜೋಪಾನವಾಗಿ ಬಾಳಿಸಿಕೊಂಡು ಹೋಗುವುದು ನಮ್ಮ ಹಿರಿಯರಿಂದ ಬಂದ ಸಂಸ್ಕಾರವೆಂದು ನಂಬಿರುವವರಲ್ಲಿ ನಾನೂ ಒಬ್ಬನಾದುದರಿಂದ, ನಿಮ್ಮ ಹಠದ ವಿಷಯದಲ್ಲಿ ನನಗೆ ಗೌರವವೇ ಹೊರತು ಬೇರೆ ಭಾವನೆಯಿಲ್ಲ. ಆ ಗೌರವದ ಸಲುಗೆಯಿಂದಲೇ, ನಿಮ್ಮಲ್ಲಿ ಅನೇಕರು ಗಮನಿಸದೆ ಬಿಟ್ಟಿರುವ ಒಂದು ಕಾರ್ಯವನ್ನು ನಿಮ್ಮ ಮುಂದಿಡಬಯಸುತ್ತೇನೆ. ಎಂಜಿನ್ನಿನ ಪಕ್ಕದಲ್ಲಿ ಮುಚ್ಚಳದ ಮರೆಯಲ್ಲಿ ಓಡುತ್ತಿರುವ ಟೈಮಿಂಗ್ ಬೆಲ್ಟನ್ನೂ, ಅದರ ನೆರೆಯಲ್ಲಿಯೇ ಕುಳಿತಿರುವ ವಾಟರ್ ಪಂಪನ್ನೂ, ಅವು ಕೆಡುವುದಕ್ಕೆ ಮೊದಲೇ, ಒಂದೇ ಸಲಕ್ಕೆ ಬದಲಾಯಿಸಬೇಕೆಂಬುದೇ ಆ ಕಾರ್ಯ.

ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ. ಬ್ಯಾಟರಿ ಸೋತರೆ ಮುಂಜಾನೆಯ ಮೊದಲ ಚಾಲನೆಯಲ್ಲಿಯೇ ತಿಳಿಯುತ್ತದೆ. ಕ್ಲಚ್ಚು ಜಾರಿದರೆ ಏರಿನಲ್ಲಿ ಗೊತ್ತಾಗುತ್ತದೆ. ಟೈಮಿಂಗ್ ಬೆಲ್ಟಿನ ಸ್ವಭಾವ ಮಾತ್ರ ಬೇರೆಯದು; ಯಾವ ಸೂಚನೆಯನ್ನೂ ಕೊಡದೆ ಅದು ದುಡಿಯುತ್ತಿರುತ್ತದೆ. ಅದು ಹಾಗೆ ಮೌನವಾಗಿ ಹೊರುವ ಹೊಣೆ ಎಂತಹುದೆಂಬುದನ್ನು ಮೊದಲು ವಿವರಿಸುತ್ತೇನೆ. ನಮ್ಮ ಕಾರುಗಳ ಎಂಜಿನ್ನು ನಾಲ್ಕು ಹೊಡೆತಗಳ ಯಂತ್ರ: ಪಿಸ್ಟನ್ನು ಗಾಳಿಯನ್ನು ಒಳಗೆಳೆಯುತ್ತದೆ, ಒತ್ತುತ್ತದೆ, ಉರಿಯ ಬಲದಿಂದ ಕೆಳಕ್ಕೆ ತಳ್ಳಲ್ಪಡುತ್ತದೆ, ಕೊನೆಗೆ ಹೊಗೆಯನ್ನು ಹೊರಗಟ್ಟುತ್ತದೆ. ಈ ನಾಲ್ಕು ಕ್ರಿಯೆಗಳು ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿರುತ್ತದೆ. ಅದೇ ಅವಧಿಯಲ್ಲಿ ಮೇಲಿನ ಕ್ಯಾಮ್ ಒಂದೇ ಒಂದು ಸುತ್ತು ತಿರುಗಿ, ಗಾಳಿ ಬರುವ ವಾಲ್ವನ್ನೂ ಹೊಗೆ ಹೋಗುವ ವಾಲ್ವನ್ನೂ ತಕ್ಕ ಕ್ಷಣಕ್ಕೆ ತೆರೆದು ತಕ್ಕ ಕ್ಷಣಕ್ಕೆ ಮುಚ್ಚಬೇಕು. ಈ ಎರಡರ ನಡುವಣ ಲಯವನ್ನು ಕಾಪಾಡುವುದೇ ಆ ಹಲ್ಲಿನ ಬೆಲ್ಟಿನ ಕೆಲಸ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಅಂದರೆ ನಾವು ಹೆದ್ದಾರಿಯಲ್ಲಿ ನಿಶ್ಚಿಂತರಾಗಿ ಮಾತನಾಡುತ್ತ ಸಾಗುವಾಗ, ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿರುತ್ತದೆ. ಅಷ್ಟು ಸಲವೂ ಅದು ತಪ್ಪದಂತೆ ನೋಡಿಕೊಳ್ಳುವುದು ಎರಡು ಬೆರಳಗಲದ ರಬ್ಬರಿನ ಪಟ್ಟಿ.

ಆ ಪಟ್ಟಿ ಹರಿಯಿತೆಂದು ಇಟ್ಟುಕೊಳ್ಳೋಣ. ಕ್ಯಾಮ್ ಇದ್ದಲ್ಲಿಯೇ ನಿಂತುಬಿಡುತ್ತದೆ. ಅದು ನಿಂತ ಭಂಗಿಯಲ್ಲಿ ಕೆಲವು ವಾಲ್ವುಗಳು ತೆರೆದೇ ಇರುತ್ತವೆ. ಚಕ್ರಗಳ ವೇಗದಿಂದ ಕ್ರ್ಯಾಂಕ್ ಮಾತ್ರ ಇನ್ನೂ ತಿರುಗುತ್ತಲೇ ಇದ್ದು, ಪಿಸ್ಟನ್ನುಗಳು ಮೇಲೇರಿ ಬರುತ್ತವೆ. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಸಾಕಷ್ಟು ಎಡೆಯಿರುವಂತೆ ರಚಿತವಾದ ಎಂಜಿನ್ನಾದರೆ, ಕಾರು ನಿಂತುಹೋಗುತ್ತದೆ, ಅಷ್ಟೇ. ಹೊಸ ಬೆಲ್ಟನ್ನು ಹಾಕಿದರೆ ಮರಳಿ ಓಡುತ್ತದೆ. ಆದರೆ ಅನೇಕ ಎಂಜಿನ್ನುಗಳಲ್ಲಿ, ಶಕ್ತಿ ಮತ್ತು ಮಿತವ್ಯಯಗಳ ದೃಷ್ಟಿಯಿಂದ, ಇವೆರಡೂ ಒಂದೇ ಜಾಗವನ್ನು ಬೇರೆ ಬೇರೆ ಗಳಿಗೆಗಳಲ್ಲಿ ಹಂಚಿಕೊಳ್ಳುವಂತೆ ರಚನೆಯಿರುತ್ತದೆ. ಅಂತಹವುಗಳಲ್ಲಿ ಲಯ ತಪ್ಪಿದೊಡನೆ ಪಿಸ್ಟನ್ನು ವಾಲ್ವಿಗೆ ಬಡಿದು, ವಾಲ್ವುಗಳು ಬಾಗಿ, ಹೆಡ್ ಬಿಚ್ಚಿ ಲೇತಿನವರ ಬಳಿಗೆ ಒಯ್ಯಬೇಕಾದ ಪ್ರಸಂಗ ಒದಗುತ್ತದೆ; ಪಿಸ್ಟನ್ನೇ ಒಡೆದಿದ್ದರೆ ಎಂಜಿನ್ನನ್ನೇ ಇಳಿಸಬೇಕಾಗುತ್ತದೆ. ಮಾರುಕಟ್ಟೆಯಲ್ಲಿ ಹಳೆಯ ಕಾರಿಗೆ ದೊರೆಯುವ ಬೆಲೆಗೂ ಈ ದುರಸ್ತಿಯ ವೆಚ್ಚಕ್ಕೂ ಅಂತರ ಕಡಿಮೆಯಾದುದರಿಂದ, ಬಾಡಿ ಗಟ್ಟಿಯಾಗಿದ್ದು ಗೇರ್‌ಬಾಕ್ಸು ಚೆನ್ನಾಗಿದ್ದ ಎಷ್ಟೋ ಕಾರುಗಳು ಒಂದು ಬೆಲ್ಟಿನ ದೆಸೆಯಿಂದ ಗುಜರಿಯ ಪಾಲಾಗಿವೆ.

ಇಂತಹ ಮಹತ್ತ್ವದ ಭಾಗವನ್ನು ನಮ್ಮ ಜನ ಏಕೆ ಅಲಕ್ಷಿಸುತ್ತಾರೆಂಬುದಕ್ಕೆ ಚಾರಿತ್ರಿಕವಾದ ಕಾರಣವೊಂದು ಉಂಟು. ನಮ್ಮ ನಾಡಿನಲ್ಲಿ ಕಾರಿನ ಶುಶ್ರೂಷೆಯ ಪಾಠವನ್ನು ತಲೆಮಾರುಗಳಿಗೆ ಕಲಿಸಿದವು ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಆ ಎರಡರಲ್ಲಿಯೂ ಕ್ಯಾಮನ್ನು ತಿರುಗಿಸುತ್ತಿದ್ದುದು ಎಣ್ಣೆಯಲ್ಲಿ ಮೀಯುತ್ತಿದ್ದ ಉಕ್ಕಿನ ಚೈನು. ಚೈನು ಸವೆದಾಗ ಸಡಿಲವಾಗಿ ಗಲಗಲ ಸದ್ದು ಮಾಡುತ್ತಿತ್ತು. ಅನುಭವಿಯಾದ ಚಾಲಕ ಬಾನೆಟ್ಟಿನ ಬಳಿ ಕಿವಿಗೊಟ್ಟು, ಇನ್ನೆಷ್ಟು ಕಾಲ ಅದು ತಾಳೀತೆಂಬುದನ್ನು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತಿದ್ದ. ಪಶ್ಚಿಮ ಜರ್ಮನಿಯಲ್ಲಿ ಗ್ಲಾಸ್ ಎಂಬ ಸಣ್ಣ ಕಂಪನಿ 1962ರಲ್ಲಿ ತನ್ನ ಕಾರಿಗೆ ಚೈನಿನ ಬದಲು ಹಲ್ಲಿನ ರಬ್ಬರು ಬೆಲ್ಟನ್ನು ಅಳವಡಿಸಿ, ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರುಗಳಲ್ಲಿ ಈ ಪದ್ಧತಿಗೆ ನಾಂದಿ ಹಾಡಿತು. ಸದ್ದಿಲ್ಲದಿರುವುದು, ಹಗುರವಾಗಿರುವುದು, ಎಣ್ಣೆಯನ್ನು ಬೇಡದಿರುವುದು, ಅಗ್ಗವಾಗಿರುವುದು—ಈ ಗುಣಗಳಿಂದ ಅದು ಲೋಕವನ್ನೆಲ್ಲ ವ್ಯಾಪಿಸಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದನ್ನು ನಮ್ಮ ಮಧ್ಯಮವರ್ಗದ ಮನೆಗಳಿಗೆ ತಂದಿತು. ಯಂತ್ರ ಬದಲಾಯಿತು, ಆದರೆ ಕಿವಿಯಿಂದ ರೋಗವನ್ನು ಕಂಡುಹಿಡಿಯುವ ನಮ್ಮ ಹಳೆಯ ಅಭ್ಯಾಸ ಬದಲಾಗಲಿಲ್ಲ. "ಎಂಜಿನ್ ಸದ್ದು ಚೆನ್ನಾಗಿದೆಯಲ್ಲ, ಇನ್ನೇನು?" ಎಂಬ ಮಾತು ಚೈನಿನ ಕಾಲಕ್ಕೆ ವಿವೇಕದ ಮಾತಾಗಿತ್ತು, ಬೆಲ್ಟಿನ ಕಾರಿಗೆ ಅದನ್ನೇ ಅನ್ವಯಿಸುವುದು ಅಪಾಯಕರ.

ಬಾವಿಯ ಹಗ್ಗವಾದರೆ ಎಳೆಯೆಳೆಯಾಗಿ ಸವೆದು, ನೀರು ಸೇದುವವರ ಅಂಗೈಗೆ ತನ್ನ ಅಂತ್ಯವನ್ನು ಮುಂಚಿತವಾಗಿಯೇ ತಿಳಿಸುತ್ತದೆ. ಬೆಲ್ಟು ಹಾಗಲ್ಲ. ಅದರೊಳಗೆ ಬಲವನ್ನು ಹೊರುವುದು ಗಾಜಿನ ನಾರಿನ ಹುರಿಗಳು. ಅವುಗಳ ಮೇಲೆ ಶಾಖವನ್ನೂ ಎಣ್ಣೆಯನ್ನೂ ಒಂದು ಮಿತಿಯವರೆಗೆ ತಾಳಬಲ್ಲ ಕೃತಕ ರಬ್ಬರು. ಹಲ್ಲುಗಳ ಮೈಮೇಲೆ ಸವೆತವನ್ನು ತಡೆಯುವ ನೈಲಾನ್ ಬಟ್ಟೆಯ ಹೊದಿಕೆ. ರಬ್ಬರು ಗಡುಸಾಗುವುದೂ, ಹುರಿಗಳು ಒಳಗೊಳಗೇ ತುಂಡಾಗುವುದೂ ಹೊರನೋಟಕ್ಕೆ ಕಾಣುವುದಿಲ್ಲ. ಹಾಸನದ ಒಂದು ಸಣ್ಣ ಗ್ಯಾರೇಜಿನಲ್ಲಿ, ಆಗತಾನೆ ಬಿಚ್ಚಿದ ಬೆಲ್ಟೊಂದನ್ನು ಮೆಕ್ಯಾನಿಕರು ಕಾರಿನ ಒಡೆಯರ ಕೈಗೆ ಕೊಟ್ಟುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬೆನ್ನಿನ ಮೇಲೆ ಅಚ್ಚಾಗಿದ್ದ ಅಂಕಿಗಳು ಇನ್ನೂ ಓದಲು ಬರುತ್ತಿದ್ದವು, ಹಲ್ಲೊಂದೂ ಮುರಿದಿರಲಿಲ್ಲ. "ಚೆನ್ನಾಗೇ ಇದೆಯಲ್ಲಪ್ಪ, ಇದನ್ನು ಯಾಕೆ ತೆಗೆದೆ?" ಎಂದರು ಒಡೆಯರು. "ಹಿಂದಕ್ಕೆ ಸ್ವಲ್ಪ ಬಗ್ಗಿಸಿ ನೋಡಿ, ಸಾರ್" ಎಂದ ಮೆಕ್ಯಾನಿಕ್. ಬಗ್ಗಿಸಿದಾಗ ಪ್ರತಿಯೊಂದು ಹಲ್ಲಿನ ಬುಡದಲ್ಲಿಯೂ ಕೂದಲೆಳೆಯಷ್ಟು ಸಣ್ಣ ಬಿರುಕು ಬಾಯ್ದೆರೆಯಿತು. ಒಂದು ಅಂಚಿನಲ್ಲಿ ಬಟ್ಟೆಯ ನಾರು ಎದ್ದಿತ್ತು. ಇನ್ನೊಂದು ಅಂಚಿನಲ್ಲಿ ಕ್ಯಾಮಿನ ಸೀಲಿನಿಂದ ಜಿನುಗಿದ್ದ ಎಣ್ಣೆ ತಗುಲಿ ರಬ್ಬರು ಮೆತ್ತಗಾಗಿ ಹೊಳೆಯುತ್ತಿತ್ತು. ಆ ಕಾರು ಆ ದಿನ ಬೆಳಗ್ಗೆ ಯಾವ ತಕರಾರೂ ಇಲ್ಲದೆ ಓಡಿ ಗ್ಯಾರೇಜಿಗೆ ಬಂದಿತ್ತೆಂಬುದನ್ನು ನೀವು ಮನಸ್ಸಿನಲ್ಲಿಡಬೇಕು.

ಕಣ್ಣಿಗೂ ಕಿವಿಗೂ ನಿಲುಕದ ಇಂತಹ ಸವೆತವನ್ನು ತಿಳಿಯಲು ಪಂಚಾಂಗವೊಂದೇ ದಾರಿ. ಕಾರು ತಯಾರಿಸಿದವರು ಕೈಪಿಡಿಯಲ್ಲಿ ಬೆಲ್ಟಿಗೆ ಎರಡು ಮಿತಿಗಳನ್ನು ವಿಧಿಸಿರುತ್ತಾರೆ: ಒಂದು ದೂರದ್ದು, ಇನ್ನೊಂದು ಕಾಲದ್ದು, ಇವುಗಳಲ್ಲಿ ಯಾವುದು ಮೊದಲು ತುಂಬುತ್ತದೆಯೋ ಅದೇ ಪ್ರಮಾಣ. ದೂರದ ಮಿತಿ ಕಾರಿನಿಂದ ಕಾರಿಗೆ ಬೇರೆಯಾಗಿ, ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರುಗಳ ನಡುವೆ ಇರುವುದುಂಟು. ಹಳೆಯ ಕಾರುಗಳ ಒಡೆಯರು ಎಡವುವುದು ಎರಡನೆಯ ಮಿತಿಯಲ್ಲಿ. "ನಮ್ಮ ಕಾರು ಹೆಚ್ಚು ಓಡಿಲ್ಲ; ಹಬ್ಬಕ್ಕೋ ಮದುವೆಗೋ ಹೊರಗೆ ತೆಗೆಯುತ್ತೇವೆ, ಅಷ್ಟೇ" ಎಂದು ಅವರು ಸಮಾಧಾನ ತಂದುಕೊಳ್ಳುತ್ತಾರೆ. ನಿಂತ ಕಾರಿನಲ್ಲಿಯೂ ರಬ್ಬರಿಗೆ ವಯಸ್ಸಾಗುತ್ತದೆ. ಬೇಸಗೆಯ ತಾಪ, ಎಣ್ಣೆಯ ಆವಿ, ಸಣ್ಣ ಪುಲ್ಲಿಯ ಸುತ್ತ ತಿಂಗಳುಗಟ್ಟಲೆ ಒಂದೇ ಕಡೆ ಬಾಗಿ ನಿಂತಿರುವ ಬಿಗಿತ—ಇವೆಲ್ಲ ಸೇರಿ ಅದನ್ನು ಗಡುಸು ಮಾಡುತ್ತವೆ. ಆದುದರಿಂದ 12 ವರ್ಷಗಳಲ್ಲಿ 40,000 ಕಿಲೋಮೀಟರು ಮಾತ್ರ ಓಡಿದ ಕಾರಿನ ಬೆಲ್ಟು, ಮೂರು ವರ್ಷಗಳಲ್ಲಿ ಅಷ್ಟೇ ದೂರ ಓಡಿದ ಕಾರಿನ ಬೆಲ್ಟಿಗಿಂತ ಹೆಚ್ಚು ಸಂಶಯಾಸ್ಪದವೆಂದು ತಿಳಿಯತಕ್ಕದ್ದು.

ಇನ್ನು ವಾಟರ್ ಪಂಪಿನ ವಿಷಯ. ಉರಿಯುವ ಸಿಲಿಂಡರುಗಳ ಸುತ್ತ ಕೂಲೆಂಟನ್ನು ಹರಿಸಿ, ಅದು ಹೊತ್ತು ತಂದ ಶಾಖವನ್ನು ರೇಡಿಯೇಟರಿನಲ್ಲಿ ಗಾಳಿಗೆ ಬಿಟ್ಟು, ಮತ್ತೆ ಒಳಕ್ಕೆ ತಳ್ಳುವ ಈ ಪುಟ್ಟ ಯಂತ್ರದಲ್ಲಿ ಇರುವುದು ಒಂದು ದಂಡ, ಅದರ ಒಂದು ತುದಿಗೆ ಪುಲ್ಲಿ, ಇನ್ನೊಂದು ತುದಿಗೆ ರೆಕ್ಕೆಗಳ ಚಕ್ರ, ನಡುವೆ ಬೇರಿಂಗು, ಮತ್ತು ನೀರು ಬೇರಿಂಗಿನ ಕಡೆಗೆ ನುಗ್ಗದಂತೆ ತಡೆಯುವ ಸೀಲು. ಸೀಲು ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಕ್ಕೆ ಜಿನುಗಲೆಂದು ಪಂಪಿನ ಕೆಳಮೈಯಲ್ಲಿ ಸಣ್ಣದೊಂದು ರಂಧ್ರವನ್ನು ಬಿಟ್ಟಿರುತ್ತಾರೆ. ಆ ರಂಧ್ರದ ಕೆಳಗೆ ಹಸಿರೋ ಕೆಂಪೋ ಬಿಳುಪೋ ಆದ ಒಣಗಿದ ಹುಡಿಯ ಗೆರೆ ಇಳಿದಿದ್ದರೆ ಪಂಪಿನ ಆಯುಷ್ಯ ತೀರುತ್ತ ಬಂತೆಂದು ಅರ್ಥ. ಆದರೆ ಅನೇಕ ಕಾರುಗಳಲ್ಲಿ ಪಂಪು ಬೆಲ್ಟಿನ ಮುಚ್ಚಳದ ಹಿಂದೆಯೇ ಇರುವುದರಿಂದ, ಮುಚ್ಚಳ ತೆಗೆಯದೆ ಆ ಗೆರೆ ಯಾರಿಗೂ ಕಾಣುವುದಿಲ್ಲ. ಒಡೆಯರಿಗೆ ತಿಳಿಯುವುದೆಲ್ಲ, ಕೂಲೆಂಟ್ ಡಬ್ಬಿಯ ಮಟ್ಟ ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆಯೆಂಬುದು ಮಾತ್ರ.

ಎಲ್ಲ ಕಾರುಗಳಲ್ಲಿಯೂ ಈ ಎರಡರ ಸಂಬಂಧ ಒಂದೇ ತೆರನಾಗಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಮಾರುತಿ 800ರಲ್ಲಿ ಪಂಪನ್ನು ತಿರುಗಿಸುವುದು ಆಲ್ಟರ್ನೇಟರನ್ನು ತಿರುಗಿಸುವ ಹೊರಗಿನ ಫ್ಯಾನ್ ಬೆಲ್ಟು. ಅಲ್ಲಿ ಪಂಪು ತಿರುಗದೆ ಹಿಡಿದುಕೊಂಡರೆ ಟೈಮಿಂಗ್ ಬೆಲ್ಟಿಗೆ ನೇರವಾದ ಆಘಾತವಿಲ್ಲ. ಆದರೆ 1998ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಹೋಂಡಾ ಸಿಟಿಯಲ್ಲಿ, ಫಿಯೆಟ್ ಪಾಲಿಯೋದ 1.2 ಲೀಟರಿನ ಎಂಜಿನ್ನಿನಲ್ಲಿ, ಸ್ಕೋಡಾ ಆಕ್ಟೇವಿಯಾದ 1.9 ಲೀಟರಿನ ಡೀಸೆಲ್ಲಿನಲ್ಲಿ, ಮಹೀಂದ್ರಾ ಲೋಗನ್ನಿನಿಂದ ಹಿಡಿದು ರೆನೋ ಡಸ್ಟರಿನವರೆಗೆ ನಮ್ಮ ರಸ್ತೆಗಳಲ್ಲಿ ಹೇರಳವಾಗಿ ಓಡಿದ 1.5 ಲೀಟರಿನ ರೆನೋ ಡೀಸೆಲ್ಲಿನಲ್ಲಿ, ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಇವುಗಳಲ್ಲಿ ಪಂಪಿನ ಬೇರಿಂಗು ಸಡಿಲವಾದರೆ ಬೆಲ್ಟು ಒಂದು ಪಕ್ಕಕ್ಕೆ ಸರಿದು ಅಂಚು ತರಿಯುತ್ತದೆ. ಸೀಲು ಸೋರಿದರೆ ಕೂಲೆಂಟು ಬೆಲ್ಟಿನ ಮೇಲೆ ಬಿದ್ದು ಅದನ್ನು ಕೆಡಿಸುತ್ತದೆ. ಪಂಪು ಪೂರ್ತಿಯಾಗಿ ಹಿಡಿದುಕೊಂಡರೆ ಹೊಸ ಬೆಲ್ಟು ಸಹ ಹಲ್ಲು ಕಿತ್ತುಕೊಂಡು ಹೋಗುತ್ತದೆ. ನಿಮ್ಮ ಕಾರು ಯಾವ ವರ್ಗಕ್ಕೆ ಸೇರಿದುದೆಂಬುದನ್ನು ಕೈಪಿಡಿಯಿಂದಲೋ, ಆ ಕಾರಿನಲ್ಲಿ ಪಳಗಿದ ಮೆಕ್ಯಾನಿಕರಿಂದಲೋ ಇಂದೇ ಕೇಳಿ ತಿಳಿದುಕೊಳ್ಳಿರಿ.

"ಬೆಲ್ಟಿಗೆ ಹಣ ಕೊಡುತ್ತೇನೆ, ಸೋರದಿರುವ ಪಂಪನ್ನು ಏಕೆ ತೆಗೆಯಬೇಕು?" ಎಂಬುದು ನಿಮ್ಮಲ್ಲಿ ಬಹುಮಂದಿ ಕೇಳುವ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಿರುವುದು ಕೆಲಸದ ಸ್ವರೂಪದಲ್ಲಿ. ಬೆಲ್ಟನ್ನು ತಲುಪಬೇಕಾದರೆ ಚಕ್ರ ಕಳಚಿ, ಎಂಜಿನ್ನಿನ ಮೌಂಟಿಂಗನ್ನು ಬಿಚ್ಚಿ, ಹೊರಗಿನ ಬೆಲ್ಟುಗಳನ್ನು ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು ಇಳಿಸಿ, ಮುಚ್ಚಳಗಳನ್ನು ಒಂದೊಂದಾಗಿ ಸರಿಸಬೇಕು. ಕೂಲಿಯ ಬಹುಭಾಗ ಖರ್ಚಾಗುವುದು ಇಲ್ಲಿಯೇ. ಇಷ್ಟೆಲ್ಲ ಬಿಚ್ಚಿದ ಮೇಲೆ ಪಂಪು ಕೆಲವೇ ಸಣ್ಣ ಬೋಲ್ಟುಗಳ ಅಂತರದಲ್ಲಿ ಕಣ್ಣೆದುರಿಗೇ ಇರುತ್ತದೆ. ಅದನ್ನು ಅಂದು ಬಿಟ್ಟು, ಎಂಟು ತಿಂಗಳ ತರುವಾಯ ಸೋರತೊಡಗಿದಾಗ ಮತ್ತೆ ಕೈಹಾಕಿದರೆ, ಅದೇ ಕೂಲಿಯನ್ನು ಎರಡನೆಯ ಸಲ ತೆರಬೇಕು. ಕೂಲೆಂಟ್ ಬಿದ್ದ ಬೆಲ್ಟನ್ನೂ ಎರಡನೆಯ ಸಲ ಕೊಳ್ಳಬೇಕು. ಇದೇ ನ್ಯಾಯ ಬೆಲ್ಟನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಬೇರಿಂಗಿಗೂ, ಕ್ಯಾಮ್ ಹಾಗೂ ಕ್ರ್ಯಾಂಕಿನ ಮುಂಭಾಗದ ಎಣ್ಣೆ ಸೀಲುಗಳಿಗೂ ಸಲ್ಲುತ್ತದೆ. ಹೊಸ ಬೆಲ್ಟು ಹಳೆಯ ಟೆನ್ಷನರಿನ ಮೇಲೆ ಓಡಿದರೆ ಇಬ್ಬರಲ್ಲಿ ದುರ್ಬಲನ ಆಯುಷ್ಯವೇ ಇಬ್ಬರ ಆಯುಷ್ಯವೂ ಆಗುತ್ತದೆ.

ಪಂಪಿನ ಅಕಾಲಮರಣಕ್ಕೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಕಾರಣವಿದೆ. ಕೂಲೆಂಟಿನ ಮಟ್ಟ ಇಳಿದಾಗ ಕೈಗೆ ಸಿಕ್ಕ ನೀರನ್ನು ತುಂಬುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗಗಳಂತಹ ಬಯಲುಸೀಮೆಯಲ್ಲಿ ಕೈಗೆ ಸಿಗುವುದು ಕೊಳವೆಬಾವಿಯ ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಆ ಲವಣಗಳೇ ಎಂಜಿನ್ನಿನ ಒಳದಾರಿಗಳಲ್ಲಿಯೂ ಕಟ್ಟಿಕೊಂಡು, ಪಂಪಿನ ಸೀಲಿನ ನುಣುಪಾದ ಮುಖವನ್ನು ತೇಯುತ್ತವೆ. ಬರಿಯ ನೀರಿನಲ್ಲಿ ತುಕ್ಕನ್ನು ತಡೆಯುವ ರಾಸಾಯನಿಕಗಳಿಲ್ಲದ ಕಾರಣ ಕಬ್ಬಿಣದ ಭಾಗಗಳು ತುಕ್ಕು ಹಿಡಿದು ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕೈಪಿಡಿ ಹೇಳಿದ ಜಾತಿಯ ಕೂಲೆಂಟನ್ನು ಬಟ್ಟಿ ಇಳಿಸಿದ ಶುದ್ಧ ಜಲದೊಡನೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬಿರಿ. ಬೆರೆಸಿಯೇ ಮಾರುವ ಡಬ್ಬಿಯಾದರೆ ಮತ್ತೆ ನೀರು ಸೇರಿಸಬೇಡಿರಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಹಳೆಯದನ್ನು ಬಸಿಯುವಾಗ ಅಂಗಳದಲ್ಲಿ ಚೆಲ್ಲಬಾರದು, ನಾಯಿಗಳಿಗೂ ಮಕ್ಕಳಿಗೂ ಎಟುಕುವಂತೆ ಬಿಡಬಾರದು. ಎಂಜಿನ್ನು ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು.

ಈ ಕೆಲಸ ಶ್ರದ್ಧೆಯಿಂದ ನಡೆದಾಗ ಹೇಗಿರುತ್ತದೆಂಬುದನ್ನು ಹಳೆಯ ಹೋಂಡಾ ಸಿಟಿಯ ನಿದರ್ಶನದಿಂದಲೇ ವಿವರಿಸುವೆನು. ನೀವು ಪಾನಾ ಹಿಡಿಯದಿದ್ದರೂ ಪಕ್ಕದಲ್ಲಿ ನಿಂತು ನೋಡುವಾಗ ಯಾವುದನ್ನು ಗಮನಿಸಬೇಕೆಂಬುದು ತಿಳಿದಿರಲಿ. ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿರಬೇಕು. ಕಾರು ಜಾಕಿಯೊಂದರ ಮೇಲೆಯೇ ನಿಲ್ಲದೆ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕುಳಿತಿರಬೇಕು. ಮೌಂಟಿಂಗ್ ಬಿಚ್ಚುವ ಮುನ್ನ ಎಂಜಿನ್ನಿನ ಕೆಳಗೆ ಮರದ ತುಂಡಿಟ್ಟು ಆಧಾರ ಕೊಟ್ಟಿರಬೇಕು. ಅನಂತರ ಮೊದಲನೆಯ ಸಿಲಿಂಡರಿನ ಪಿಸ್ಟನ್ನು ಒತ್ತುವಿಕೆಯ ತುತ್ತತುದಿಗೆ ಬರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಈ ಎಂಜಿನ್ನು ಪುಲ್ಲಿಯ ಕಡೆಯಿಂದ ನೋಡುವವರಿಗೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವಂಥದು. ಬೇರೆ ಕಾರುಗಳಲ್ಲಿ ಪಳಗಿದ ಕೈ ಅಭ್ಯಾಸಬಲದಿಂದ ಬಲಕ್ಕೆ ತಿರುಗಿಸಿಬಿಡುವುದುಂಟು. ಕ್ಯಾಮ್ ಪುಲ್ಲಿಯ ಮೇಲೆ "ಮೇಲೆ" ಎಂಬ ಅರ್ಥದ ಇಂಗ್ಲಿಷ್ ಪದವೊಂದು ಅಚ್ಚಾಗಿದ್ದು, ಅದು ನೆಟ್ಟಗೆ ಮೇಲ್ಮುಖವಾಗಿರುವಾಗ ಪುಲ್ಲಿಯ ಇಕ್ಕೆಲದ ಗೀರುಗಳು ಹೆಡ್ಡಿನ ಮೇಲ್ಮೈಗೆ ಸಮನಾಗಿ ನಿಲ್ಲಬೇಕು. ಕೆಳಗೆ ಕ್ರ್ಯಾಂಕ್ ಪುಲ್ಲಿಯಲ್ಲಿ ಬಿಳಿಯದೊಂದು, ಕೆಂಪಿನದೊಂದು ಗುರುತಿರುತ್ತವೆ. ಬಿಳಿಯದು ಪಿಸ್ಟನ್ನಿನ ಸ್ಥಾನವನ್ನು ತೋರಿಸುವುದು, ಕೆಂಪಿನದು ಕಿಡಿಯ ಹೊತ್ತನ್ನು ತೋರಿಸುವುದು. ಬಣ್ಣ ಮಾಸಿದ ಹಳೆಯ ಪುಲ್ಲಿಯಲ್ಲಿ ಒಂದನ್ನು ಇನ್ನೊಂದೆಂದು ಬಗೆದರೆ ಉಳಿದ ಶ್ರಮವೆಲ್ಲ ವ್ಯರ್ಥ. ಆದುದರಿಂದ ಬಲ್ಲವರು ಪುಲ್ಲಿಯನ್ನು ಇಳಿಸಿದ ಬಳಿಕ ಒಳಗಿನ ಹಲ್ಲುಚಕ್ರದ ಗುರುತನ್ನೂ ಆಯಿಲ್ ಪಂಪಿನ ಮೈಮೇಲಿನ ಬಾಣದ ಗುರುತನ್ನೂ ಹೊಂದಿಸಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳುತ್ತಾರೆ.

ಹಳೆಯ ಬೆಲ್ಟನ್ನು ಕಳಚಿ, ಪಂಪನ್ನು ತೆಗೆದ ಮೇಲೆ ಅದು ಕುಳಿತಿದ್ದ ಜಾಗವನ್ನು ಕನ್ನಡಿಯಂತಾಗುವವರೆಗೆ ಒರೆಸಿ, ಹೊಸ ರಬ್ಬರು ಉಂಗುರವನ್ನು ಅದರ ತೋಡಿನಲ್ಲಿ ಸರಿಯಾಗಿ ಕೂರಿಸಿ, ಸಣ್ಣ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅವು ಅಲ್ಯೂಮಿನಿಯಮ್ಮಿನೊಳಗೆ ಹೋಗುವ ಬೋಲ್ಟುಗಳಾದುದರಿಂದ ತೋಳ್ಬಲ ತೋರಿಸಿದರೆ ತಿರುಪಿನ ಸುತ್ತು (ಥ್ರೆಡ್) ಕಿತ್ತುಬರುತ್ತದೆ. ಟಾರ್ಕ್ ರೆಂಚು ಇರುವುದೇ ಇದಕ್ಕಾಗಿ. ಹೊಸ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬಾರದು, ಮಡಿಸಬಾರದು, ತಿರುಚಬಾರದು, ಒಳಗಿನ ಗಾಜಿನ ಹುರಿಗಳು ಮುರಿಯುವುದು ಎಷ್ಟೋ ಸಲ ಹಾಕುವವರ ಕೈಯಲ್ಲಿಯೇ. ಬೆಲ್ಟು ಕೂತಮೇಲೆ ಎಂಜಿನ್ನನ್ನು ಅದರ ಸಹಜ ದಿಕ್ಕಿನಲ್ಲಿ ಕೈಯಿಂದಲೇ ಐದಾರು ಸುತ್ತು ತಿರುಗಿಸಿ, ಕ್ಯಾಮ್ ಪುಲ್ಲಿಯ ಮೂರು ಹಲ್ಲಿನಷ್ಟು ಮುಂದಕ್ಕೆ ತಂದು, ಟೆನ್ಷನರಿನ ಬೋಲ್ಟನ್ನು ಸಡಿಲಿಸಿ ಬಿಗಿದರೆ, ಸ್ಪ್ರಿಂಗು ತನಗೆ ಬೇಕಾದ ಬಿಗಿತವನ್ನು ತಾನೇ ಕೊಡುತ್ತದೆ. ಮತ್ತೆ ತುದಿಗೆ ತಂದು ಗುರುತುಗಳನ್ನು ನೋಡಬೇಕು. ಒಂದು ಹಲ್ಲಿನ ವ್ಯತ್ಯಾಸ ಕಂಡರೂ, ಎಷ್ಟು ಹೊತ್ತಾಗಿದ್ದರೂ, ಬಿಚ್ಚಿ ಮೊದಲಿನಿಂದ ಮಾಡಬೇಕು. ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು. ಪಿಸ್ಟನ್ನು ವಾಲ್ವಿಗೆ ತಾಕಿರಬಹುದು. ಕೊನೆಗೆ ಕೂಲೆಂಟನ್ನು ತುಂಬುವಾಗ ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಗಾಳಿ ಬಿಡುವ ಬೋಲ್ಟನ್ನು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ತಾಳ್ಮೆಯಿಂದ ತುಂಬಬೇಕು. ಮರುದಿನ ತಣ್ಣಗಿರುವಾಗ ಮಟ್ಟವನ್ನು ಮತ್ತೊಮ್ಮೆ ನೋಡಬೇಕು.

ಬಿಡಿಭಾಗಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ ಒಂದೇ ಬೆಲ್ಟಿಗೆ ಎರಡು ಮೂರು ಬೆಲೆಗಳನ್ನು ಹೇಳುವುದು ನಿಮಗೆ ಗೊತ್ತು. ಸೀಟಿನ ಕವರಿನಲ್ಲಿಯೋ ಕಾಲ್ಚಾಪೆಯಲ್ಲಿಯೋ ಲೋಕಲ್ ಮಾಲನ್ನು ಕೊಂಡು ಹಣ ಉಳಿಸಿದರೆ ನಷ್ಟವಿಲ್ಲ. ಎಂಜಿನ್ನಿನ ಪ್ರಾಣ ನಿಂತಿರುವ ಈ ಪಟ್ಟಿಯಲ್ಲಿ ಮಾತ್ರ ಡೂಪ್ಲಿಕೇಟಿಗೆ ಎಡೆಗೊಡಬೇಡಿರಿ. ಕಾರು ತಯಾರಕರದೋ ಹೆಸರಾಂತ ಬೆಲ್ಟ್ ತಯಾರಕರದೋ ಆದ ಮಾಲನ್ನು ಬಿಲ್ಲಿನೊಡನೆ ಕೊಂಡು, ಪೊಟ್ಟಣದ ಮುದ್ರೆಯನ್ನೂ ಬೆಲ್ಟಿನ ಮೇಲಿನ ಸಂಖ್ಯೆಯನ್ನೂ ಹೋಲಿಸಿ ನೋಡಿರಿ. ಗುಜರಿಯ ಎಂಜಿನ್ನಿನಿಂದ ಬಿಚ್ಚಿದ ಬೆಲ್ಟನ್ನಾಗಲಿ ಪಂಪನ್ನಾಗಲಿ ಯಾವ ಬೆಲೆಗೂ ಸ್ವೀಕರಿಸಬೇಡಿರಿ.

ಇದು ಹಣದ ಮಾತಷ್ಟೇ ಆಗಿದ್ದರೆ ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಬೆಲ್ಟು ಹರಿಯುವುದಕ್ಕೆ ಸ್ಥಳಕಾಲಗಳ ವಿವೇಚನೆಯಿಲ್ಲ. ಶಿರಾಡಿಯ ಇಳಿಜಾರಿನಲ್ಲಿ, ಹಿಂದೆ ಲಾರಿಗಳ ಸಾಲು ಬರುತ್ತಿರುವಾಗ, ಅಥವಾ ಚಾರ್ಮಾಡಿಯ ತಿರುವಿನಲ್ಲಿ, ಮಳೆಯೂ ಮಂಜೂ ಕವಿದ ರಾತ್ರಿಯಲ್ಲಿ, ಎಂಜಿನ್ನು ತಟಕ್ಕನೆ ನಿಂತರೆ ಪವರ್ ಸ್ಟೀರಿಂಗಿನ ನೆರವು ಆ ಕ್ಷಣವೇ ತಪ್ಪಿ ಚಕ್ರ ಕಲ್ಲಿನಷ್ಟು ಭಾರವಾಗುತ್ತದೆ. ಬ್ರೇಕಿನ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಒಂದೆರಡು ಒತ್ತುಗಳಿಗೆ ಮುಗಿದುಹೋಗಿ, ಆಮೇಲೆ ಪೆಡಲ್ ಕಾಲಿನ ಪೂರ್ಣ ಬಲವನ್ನು ಬೇಡುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುವ ಕಾರಿಗೆ ಇಂತಹ ಗಳಿಗೆ ಬರಬಾರದು. ಬಾರದಂತೆ ಮಾಡುವುದು ನಮ್ಮ ಕೈಯಲ್ಲಿಯೇ ಇರುವಾಗ ಬರಗೊಡುವುದು ಅಕ್ಷಮ್ಯ. ಸಾರಿಗೆ ಕಚೇರಿಯ ಅರ್ಹತಾಪತ್ರ ಕೈಯಲ್ಲಿದೆಯೆಂಬ ಧೈರ್ಯವೂ ಇಲ್ಲಿ ನಿಮ್ಮನ್ನು ಕಾಯಲಾರದು. ದೀಪ, ಬ್ರೇಕು, ಹೊಗೆಗಳನ್ನು ಪರಿಶೀಲಿಸುವ ಅಧಿಕಾರಿ ಬೆಲ್ಟಿನ ಮುಚ್ಚಳವನ್ನು ತೆರೆಸಿ ನೋಡುವುದಿಲ್ಲ.

ಮೆಕ್ಯಾನಿಕರ ಪರವಾಗಿಯೂ ಒಂದು ಮಾತನ್ನು ಹೇಳಬೇಕಾಗಿದೆ. "ಬೆಲ್ಟಿನ ಜತೆಗೆ ಪಂಪನ್ನೂ ಹಾಕಿಬಿಡೋಣ" ಎಂದು ಹೇಳುವ ಪ್ರಾಮಾಣಿಕನನ್ನು, ಬಿಲ್ಲು ಬೆಳೆಸುತ್ತಿದ್ದಾನೆಂದು ಸಂಶಯಿಸುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಸಂಶಯಕ್ಕೆ ಹೆದರಿ ಅವನು ಮುಂದಿನ ಸಲ ಸುಮ್ಮನಿದ್ದುಬಿಡುತ್ತಾನೆ. ಆ ಮೌನದ ಬೆಲೆಯನ್ನು ತೆರುವವರು ನಾವು. ಅವನಿಗೆ ಪೂರ್ತಿ ಒಂದು ದಿನವನ್ನು ಕೊಡಿರಿ. ಸಂಜೆಯೊಳಗೆ ಬೇಕೆಂದು ಅವಸರಪಡಿಸಬೇಡಿರಿ. ಬಿಚ್ಚಿದ ಹಳೆಯ ಬೆಲ್ಟನ್ನೂ ಪಂಪನ್ನೂ ಕೇಳಿ ಪಡೆದು ನೋಡಿರಿ. ಸರಿಯಾಗಿ ಕೆಲಸ ಮಾಡಿದವನು ಸಂತೋಷದಿಂದಲೇ ತೋರಿಸುತ್ತಾನೆ. ನ್ಯಾಯವಾದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿರಿ.

ಕಡೆಯದಾಗಿ, ನಿಮ್ಮೆಲ್ಲರಲ್ಲಿ ನನ್ನ ವಿನಂತಿ ಇಷ್ಟು. ಇಂದು ಸಂಜೆಯೇ ನಿಮ್ಮ ಕಾರಿನ ಹಳೆಯ ಬಿಲ್ಲುಗಳನ್ನು ತೆಗೆದು, ಬೆಲ್ಟನ್ನು ಕಡೆಯ ಸಲ ಯಾವ ತಾರೀಖಿನಲ್ಲಿ, ಎಷ್ಟನೆಯ ಕಿಲೋಮೀಟರಿನಲ್ಲಿ ಬದಲಾಯಿಸಲಾಯಿತೆಂಬುದನ್ನು ಹುಡುಕಿರಿ. ಕಾಗದ ಸಿಕ್ಕದಿದ್ದರೆ, ಮಾರಿದವರು ಬಾಯಿಮಾತಿನಲ್ಲಿ ಏನೇ ಹೇಳಿರಲಿ, ಬದಲಾಯಿಸಿಲ್ಲವೆಂದೇ ಎಣಿಸಿರಿ. ಕೆಲಸ ಮುಗಿಸಿದ ದಿನ ತಾರೀಖನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿರಿ. ನಾಳೆ ಆ ಕಾರು ಇನ್ನೊಬ್ಬರ ಕೈಸೇರಿದಾಗ ಆ ಚೀಟಿ ಅವರ ಪ್ರಾಣಕ್ಕೂ ಹಣಕ್ಕೂ ರಕ್ಷೆಯಾಗುತ್ತದೆ. ಅವಧಿ ಮೀರಿದ್ದರೆ ಮುಂದಿನ ದೂರ ಪ್ರಯಾಣವನ್ನು ಮುಂದೂಡಿ, ಮೊದಲು ಬೆಲ್ಟು, ಟೆನ್ಷನರು, ಸೀಲುಗಳು, ವಾಟರ್ ಪಂಪು—ಇವಿಷ್ಟನ್ನೂ ಒಟ್ಟಿಗೆ ಹಾಕಿಸಿ, ಆಮೇಲೆ ಘಟ್ಟ ಹತ್ತಿರಿ.

ಇತಿ,
ತಮ್ಮ ವಿಶ್ವಾಸಿ,
ಹಳೆಯ ಕಾರೊಂದರ ಒಡೆಯ